ಕಲ್ಲಿನ ಮೇಲೆ ಕೆತ್ತಿದ ವಚನ

ಪನೈವಿಳೈ
10 ಜುಲೈ 1988, ಭಾನುವಾರ

ಕರ್ತನಲ್ಲಿ ಪ್ರಿಯಳಾದ ಅನ್ನಪಾಕ್ಯಂಗೆ ತವಮಣಿಯ ಸ್ತೋತ್ರಗಳು.

ಲಕೋಟೆಯ ಮೇಲಿನ ಅಕ್ಷರ ಕಂಡಕೂಡಲೇ ಇದು ಯಾರದೆಂದು ನಿನಗೆ ಗೊತ್ತಾಗಿರುತ್ತದೆ. ಒಡೆಯದೆ ಒಲೆಗೆ ಹಾಕಲಿಲ್ಲವಲ್ಲ, ಅಷ್ಟೇ ಸಾಕು. ಒಂಬತ್ತು ವರ್ಷದ ಮೇಲೆ ಬರೆಯುತ್ತಿದ್ದೇನೆ. ಮಾಸಿಲಾಮಣಿ ಅಣ್ಣ ಹೇಗಿದ್ದಾರೆ? ಸೈಕಲ್ ಅಂಗಡಿ ಈಗಲೂ ಆ ಹುಣಸೆಮರದ ಕೆಳಗೇ ಇದೆಯೇ? ನಿಮ್ಮೂರ ಸಭೆ ನಡೆಸುವ ಉಪದೇಶಿಯವರು ಹೋದ ತಿಂಗಳು ಇಲ್ಲಿಗೆ ಬಂದಿದ್ದರು. ನಿನ್ನ ವಿಷಯ ಕೇಳಿದೆ. "ಸಭೆಗೆ ಬರ್ತಾರೆ ಟೀಚರ್. ಕೊನೇ ಬೆಂಚಲ್ಲಿ ಕೂತಿದ್ದು ಎದ್ದು ಹೋಗ್ತಾರೆ. ಬಾಯಿ ಮಾತ್ರ ಬಿಡೋದಿಲ್ಲ" ಅಂದರು.

ನಾನು ಇಲ್ಲೇ ಇದ್ದೇನೆ. ಅದೇ ಶಾಲೆ, ಅದೇ ಹಾಸ್ಟೆಲು. ಈ ವರ್ಷ ನಲವತ್ತೆಂಟು ಹುಡುಗಿಯರು. ಕನ್ನಡಕ ಬಂದಿದೆ. ಹೋದ ಭಾನುವಾರ ಪಾದ್ರಿಯವರು ವೇದಿಕೆಯ ಮೇಲಿಂದ ನನ್ನ ಹೆಸರು ಹೇಳಿ ಹೊಗಳಿದರು. ಎಲ್ಲರೂ ತಿರುಗಿ ನನ್ನನ್ನು ನೋಡಿದರು. ಮನೆಗೆ ಬಂದು ಊಟ ಮಾಡಲಾಗಲಿಲ್ಲ. ಅಂದಿನಿಂದ ನಿನಗೆ ಬರೆಯಬೇಕೆಂದು ಕೂತು ಕೂತು ಏಳುತ್ತಿದ್ದೇನೆ.

ಇದರ ಜೊತೆ ಇನ್ನೊಂದು ಹಾಳೆ ಇಟ್ಟಿದ್ದೇನೆ. ಹತ್ತು ಬೈಬಲ್ ವಚನಗಳು, ಪುಸ್ತಕ ನೋಡದೆ ಬರೆದದ್ದು. ಪಾಳಯಂಕೋಟೆಯ ಟ್ರೇನಿಂಗ್ ಸ್ಕೂಲಿನಲ್ಲಿ ಗ್ಲಾಡಿಸಮ್ಮ ನಮ್ಮಿಬ್ಬರನ್ನು ಜೋಡಿ ಮಾಡಿದ್ದು ನೆನಪಿದೆಯೇ? "ಹೊಸದು ದಿನಾ, ಈ ವಾರದ್ದು ಶನಿವಾರ, ಹಳೇದು ತಿಂಗಳಿಗೊಂದು ಸಲ. ಒಬ್ಬಳು ಒಪ್ಪಿಸು, ಇನ್ನೊಬ್ಬಳು ಪುಸ್ತಕ ಹಿಡಿ. ಒಂಟಿಯಾಗಿ ಕಲಿತದ್ದು ಒಂಟಿಯಾಗೇ ಮರೆತುಹೋಗುತ್ತೆ" ಎನ್ನುತ್ತಿದ್ದರು. ಕೆಲಸ ಸಿಕ್ಕಿ ಬೇರೆ ಬೇರೆ ಊರಿಗೆ ಹೋದ ಮೇಲೂ ಹದಿನೆಂಟು ವರ್ಷ ಅಂಚೆಯಲ್ಲೇ ಒಪ್ಪಿಸಿಕೊಂಡೆವು. ನಾನು 'ಮೇಲೆ' ಎಂದು ಬರೆದರೆ ನೀನು ಕೆಂಪು ಶಾಯಿಯಲ್ಲಿ 'ಒಳಗೆ' ಎಂದು ತಿದ್ದಿ, ಪಕ್ಕದಲ್ಲಿ 'ಟೀಚರಮ್ಮ ನಿದ್ದೆಯೋ?' ಎಂದು ಬರೆದು ಕಳಿಸುತ್ತಿದ್ದೆ.

ತಪ್ಪಿದ್ದಲ್ಲಿ ತಿದ್ದಿ ಕಳಿಸು. ಬೇರೇನೂ ಬರೆಯದಿದ್ದರೂ ಆಗಬಹುದು.

ನಿನ್ನ
ತವಮಣಿ


ಸೆಮ್ಮಣಲೂರು
22 ಜುಲೈ 1988

ತವಮಣಿಗೆ,

ನಿನ್ನ ಹಾಳೆಯನ್ನು ಹಾಗೇ ವಾಪಸು ಕಳಿಸುತ್ತಿದ್ದೇನೆ. ತಿದ್ದಿಲ್ಲ. ಕೆಂಪು ಶಾಯಿ ನನ್ನ ಮನೆಯಲ್ಲಿಲ್ಲ. ಶಾಲೆಯ ಮಕ್ಕಳ ಸ್ಲೇಟು ತಿದ್ದುವುದಕ್ಕೆ ಬಳಪ ಸಾಕು.

ನಾನು ವಚನ ಹೇಳುವುದನ್ನು ಬಿಟ್ಟು ಒಂಬತ್ತು ವರ್ಷವಾಯಿತು. ಯಾಕೆ ಬಿಟ್ಟೆನೆಂದು ನಿನಗೆ ಗೊತ್ತಿಲ್ಲದ್ದಲ್ಲ. ಆದರೂ ನೀನು ಏನೂ ಆಗಿಲ್ಲವೆಂಬಂತೆ ಹಾಳೆ ಕಳಿಸಿದ್ದರಿಂದ ಬರೆದೇ ಹೇಳುತ್ತೇನೆ.

ನನ್ನ ಕೂಸು ಎಪ್ಸಿಯ ಪೆಟ್ಟಿಗೆಯನ್ನು ಇನ್ನೂ ಮುಚ್ಚಿರಲಿಲ್ಲ. ಅವಳ ಕಾಲ್ಬೆರಳು ಬಿಳಿ ಬಟ್ಟೆಯಿಂದ ಹೊರಗೆ ಬಂದಿತ್ತು, ನಾನು ಅದನ್ನು ಒಳಗೆ ಸೇರಿಸುತ್ತಿದ್ದೆ. ಆಗ ನೀನು ನನ್ನ ತಲೆಯ ಮೇಲೆ ಕೈಯಿಟ್ಟು, ಊರೆಲ್ಲ ಕೇಳುವ ಹಾಗೆ, ದೇವರನ್ನು ಪ್ರೀತಿಸುವವರಿಗೆ ಎಲ್ಲವೂ ಒಳ್ಳೆಯದಕ್ಕೇ ಆಗುತ್ತದೆ ಎನ್ನುವ ವಚನವನ್ನು ಒಪ್ಪಿಸಿದೆ. ಅಧ್ಯಾಯ ಹೇಳಿದೆ, ವಚನದ ಸಂಖ್ಯೆ ಹೇಳಿದೆ, ಮಧ್ಯೆ ಒಂದು ಅಕ್ಷರ ತಪ್ಪಲಿಲ್ಲ. "ನಿಲ್ಸು ತವಂ" ಅಂದೆ. ನಿಲ್ಲಿಸಲಿಲ್ಲ. ಮುಂದಿನದನ್ನೂ ಹೇಳಿದೆ.

ನಾವಿಬ್ಬರೂ ಸೇರಿ ಕಲಿತ ವಚನ ಅದು. ಹುಣಸೆಹಣ್ಣು ಚೀಪುತ್ತಾ ಹಾಸ್ಟೆಲಿನ ಮೆಟ್ಟಿಲ ಮೇಲೆ ಕೂತು ಕಲಿತದ್ದು. ಅದನ್ನು ನೀನು ಕಲ್ಲು ಮಾಡಿ ನನ್ನ ಮೇಲೆ ಎಸೆದೆ. ಇನ್ನು ನನ್ನ ಬಾಯಲ್ಲಿ ಯಾವುದೂ ಹೊರಡುವುದಿಲ್ಲ.

ನಿನ್ನನ್ನು ಪಾದ್ರಿಯವರು ಹೊಗಳಿದ್ದು ಸಂತೋಷ.

ಅನ್ನಪಾಕ್ಯಂ ಮಾಸಿಲಾಮಣಿ


ಪನೈವಿಳೈ
31 ಜುಲೈ 1988

ಅನ್ನಂ,

ನಿನ್ನ ಕಾಗದವನ್ನು ನಿಂತುಕೊಂಡೇ ಓದಿದೆ. ನೀನು ಬರೆದದ್ದೆಲ್ಲ ಸರಿ. ನೀನು "ನಿಲ್ಸು" ಅಂದದ್ದು ನನಗೆ ಕೇಳಿಸಿತ್ತು.

ಅಲ್ಲಿ ನಾನು ಸುಮ್ಮನೆ ನಿಲ್ಲಲಾರದೆ ಹೋದೆ. ವಚನ ನಿಲ್ಲಿಸಿದರೆ ಬಾಯಿಂದ ಬೇರೇನಾದರೂ ಹೊರಬೀಳುತ್ತದೆಂದು ಭಯವಾಯಿತು. ನನಗೆ ಕಷ್ಟ ಬಂದಾಗ ನಾಲಿಗೆಯ ತುದಿಗೆ ಬರುವುದು ವಚನವೊಂದೇ. ಅದೇ ನನ್ನ ಅಭ್ಯಾಸ, ಅದೇ ನನ್ನ ಬಚ್ಚಿಟ್ಟುಕೊಳ್ಳುವ ಜಾಗ. ಅಂದು ನಿನ್ನನ್ನು ಸಮಾಧಾನ ಮಾಡಲು ನಾನು ಅದನ್ನು ಹೇಳಲಿಲ್ಲ. ಇಷ್ಟು ವರ್ಷವಾದ ಮೇಲೆ ಅಷ್ಟನ್ನಾದರೂ ನಿಜ ಹೇಳುತ್ತೇನೆ.

ಕ್ಷಮಿಸೆಂದು ಕೇಳುವುದಕ್ಕೆ ಬಾಯಿ ಬರುತ್ತಿಲ್ಲ. ಹಾಳೆ ಇನ್ನು ಕಳಿಸುವುದಿಲ್ಲ. ನೀನು ಬರೆದರೆ ಓದುತ್ತೇನೆ.

ತವಮಣಿ


ಸೆಮ್ಮಣಲೂರು
28 ಆಗಸ್ಟ್ 1988

ತವಂ,

ಬರೆಯಬಾರದೆಂದಿದ್ದೆ. ಹತ್ತೊಂಬತ್ತನೇ ತಾರೀಕು ಬಂದು ಹೋಯಿತು. ಒಂಬತ್ತು ವರ್ಷ ಬದುಕಿದ್ದಳು, ಹೋಗಿ ಒಂಬತ್ತು ವರ್ಷವಾಯಿತು. ಇನ್ನು ಮೇಲೆ ಇಲ್ಲದ ವರ್ಷಗಳೇ ಹೆಚ್ಚು.

ಅಂದು ಇವರು ಅಂಗಡಿ ತೆರೆಯಲಿಲ್ಲ. ಇಬ್ಬರೂ ಸಮಾಧಿಯ ಹತ್ತಿರ ಹೋದೆವು. ಗಾಳಿಗೆ ಕೆಂಪು ಮರಳು ಬಂದು ಅರ್ಧ ಕಲ್ಲು ಮುಚ್ಚಿಹೋಗಿತ್ತು. ಇವರು ಕೈಯಲ್ಲೇ ಬಾಚಿ ತೆಗೆದರು. ನಾವು ಅಲ್ಲಿರುವಾಗಲೇ ಸಂಡೇ ಸ್ಕೂಲಿನ ಮಕ್ಕಳನ್ನು ಸಾಲಾಗಿ ಕರೆದುಕೊಂಡು ಬಂದರು. ವರ್ಷಾ ವರ್ಷಾ ಬರುತ್ತಾರೆ. ಹೊಸ ಟೀಚರ್ ಹುಡುಗಿಗೆ ನಾನು ಯಾರೆಂದು ಗೊತ್ತಿಲ್ಲ. "ನೋಡಿ ಮಕ್ಕಳೇ, ಈ ಅಕ್ಕ ನಿಮ್ಮ ವಯಸ್ಸಿನೋಳೇ. ಕಂಠಪಾಠದಲ್ಲಿ ಮೊದಲ ಬಹುಮಾನ ತಗೊಂಡು, ಮಾರನೇ ದಿನ ಇಪ್ಪತ್ಮೂರನೇ ಕೀರ್ತನೆಯ ಕೊನೇ ವಚನ ಹೇಳ್ತಾ ಹೇಳ್ತಾ ಕರ್ತನ ಹತ್ರ ಹೋದ್ಲು. ನೀವೂ ಹಾಗೇ ಕಲೀಬೇಕು" ಅಂದಳು. ಮಕ್ಕಳು ಕಲ್ಲಿನ ಮೇಲಿದ್ದ ಆ ವಚನವನ್ನು ಒಟ್ಟಿಗೆ ಓದಿದವು. ಕರ್ತನ ಮನೆಯಲ್ಲಿ ಎಂದೆಂದಿಗೂ ಇರುತ್ತೇನೆ ಎನ್ನುವ ಮಾತು. ನೀನು ಹೇಳಿದ್ದರಿಂದ ಕೆತ್ತಿಸಿದ್ದು. ಅದನ್ನು ಓದುವಾಗ ನನ್ನೊಳಗೆ ಏನಾಗುತ್ತದೆಂದು ಬರೆಯುವುದಿಲ್ಲ.

ನೀನು ನಿಜ ಬರೆದೆಯೆಂದು ನಾನೂ ಒಂದು ನಿಜ ಬರೆಯುತ್ತೇನೆ. ವಚನ ಬಿಟ್ಟೆನೆಂದೆನಲ್ಲ, ಅವು ನನ್ನನ್ನು ಬಿಟ್ಟಿಲ್ಲ. ನೀರು ಸೇದುವಾಗ ಹಗ್ಗದ ಎಳೆತಕ್ಕೆ ಸರಿಯಾಗಿ ತಾವೇ ಬರುತ್ತವೆ. ನಾಲಿಗೆ ಕಚ್ಚಿಕೊಳ್ಳುತ್ತೇನೆ. ಒಮ್ಮೆ ರಕ್ತ ಬಂತು.

ನಿನ್ನ ಮೇಲೆ ಎಷ್ಟು ಕೋಪವಿದ್ದರೂ ಒಂದು ಮಾತನ್ನು ಹಿಡಿದುಕೊಂಡು ಇಷ್ಟು ದಿನ ತಳ್ಳಿದ್ದೇನೆ. ನಿನ್ನ ಹಾಸ್ಟೆಲಿನಲ್ಲಿದ್ದ ನನ್ನ ಮಗು ಪರರ ಮಧ್ಯೆ ಸಾಯಲಿಲ್ಲ. ನೀನಿದ್ದೆ. ಶನಿವಾರ ಮಧ್ಯಾಹ್ನ ಜ್ವರ ಬಂದದ್ದೇ ತಡ ಎತ್ತಿಕೊಂಡು ಆಸ್ಪತ್ರೆಗೆ ಓಡಿದೆ. ತಾಯಿ ಮಾಡುವುದನ್ನೆಲ್ಲ ಮಾಡಿದೆ. ಅದಕ್ಕೆ ನಾನು ನಿನಗೆ ಯಾವತ್ತೂ ಒಂದು ಮಾತು ಹೇಳಿಲ್ಲ. ಈಗ ಹೇಳುತ್ತಿದ್ದೇನೆ.

ಅನ್ನಂ


ಪನೈವಿಳೈ
11 ಸೆಪ್ಟೆಂಬರ್ 1988

ಅನ್ನಂ,

ನಿನ್ನ ಕಾಗದದ ಕೊನೆಯ ನಾಲ್ಕು ಸಾಲು ಓದಿದ ಮೇಲೆ ಸುಮ್ಮನಿರಲು ನನ್ನಿಂದಾಗದು. ಎರಡು ವಾರ ತಡೆದೆ. ನೀನು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನನ್ನನ್ನು ಕೊಂಡಾಡಬೇಡ.

ಎಪ್ಸಿಗೆ ಜ್ವರ ಬಂದದ್ದು ಶನಿವಾರವಲ್ಲ, ಗುರುವಾರ.

ಗುರುವಾರ ಬೆಳಿಗ್ಗೆ ಗಂಜಿ ಬೇಡವೆಂದಳು. ಹಣೆ ಮುಟ್ಟಿದರೆ ಬಿಸಿ. ಒಂದು ಮಾತ್ರೆ ಕೊಟ್ಟೆ. ಶುಕ್ರವಾರ ತಲೆನೋವೆಂದು ಅತ್ತಳು, ಕುತ್ತಿಗೆ ನೋಯುತ್ತದೆಂದಳು. ಇನ್ನೊಂದು ಮಾತ್ರೆ ಕೊಟ್ಟೆ. ಶನಿವಾರ ಕಂಠಪಾಠದ ಸ್ಪರ್ಧೆಯಿತ್ತು. ಹದಿನೇಳು ಶಾಲೆ ಸೇರುವ ಸ್ಪರ್ಧೆ. ಮೂವತ್ತನಾಲ್ಕನೇ ಕೀರ್ತನೆ ಪೂರ್ತಿ, ಇಪ್ಪತ್ತೆರಡು ವಚನ. ಅಷ್ಟನ್ನೂ ತಡವರಿಸದೆ ಒಪ್ಪಿಸುವ ಹುಡುಗಿ ನನ್ನ ಹಾಸ್ಟೆಲಿನಲ್ಲಿ ಅವಳೊಬ್ಬಳೇ. ಮೂರು ವರ್ಷದಿಂದ ನಮ್ಮ ಶಾಲೆಗೆ ಬಹುಮಾನ ಬಂದಿರಲಿಲ್ಲ. ಅವಳನ್ನು ಬಸ್ಸಿನಲ್ಲಿ ಕೂರಿಸಿ ಕರೆದುಕೊಂಡು ಹೋದೆ. ವಾಪಸು ಬರುವಾಗ ಬಸ್ಸಿನಲ್ಲೇ ಅವಳಿಗೆ ಸೆಳವು ಬಂತು. ಆಗ ಎತ್ತಿಕೊಂಡು ಓಡಿದೆ. ನೀನು ಬರೆದ ಓಟ ಅದು.

ಮೆದುಳು ಜ್ವರವೆಂದು ಡಾಕ್ಟರು ಹೇಳಿದರು. "ಎರಡು ದಿನ ಮೊದಲೇ ತಂದಿದ್ರೆ ಏನಾದ್ರೂ ಮಾಡಬಹುದಿತ್ತಮ್ಮ. ಯಾವತ್ತಿಂದ ಜ್ವರ?" ಎಂದು ಕೇಳಿದರು. "ಇವತ್ತು ಮಧ್ಯಾಹ್ನದಿಂದ" ಎಂದೆ. ಡಾಕ್ಟರ ಹತ್ತಿರವೂ ಸುಳ್ಳು ಹೇಳಿದೆ. ಅವರು ನನ್ನ ಮುಖ ನೋಡಿ ಇನ್ನೇನೂ ಕೇಳಲಿಲ್ಲ. ಭಾನುವಾರ ಬೆಳಿಗ್ಗೆ ನೀವು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ನಿನಗೂ ಅದೇ ಸುಳ್ಳನ್ನು ಹೇಳಿದೆ.

ಈಗ ಯಾಕೆ ಬರೆಯುತ್ತಿದ್ದೇನೆಂದರೆ, ಜೂನ್ ಕೊನೆಯಲ್ಲಿ ಇಲ್ಲೊಂದು ಹುಡುಗಿಗೆ ಜ್ವರ ಬಂತು. ಮಾರನೇ ದಿನ ಶಾಲೆಗೆ ಇನ್ಸ್‌ಪೆಕ್ಟರು ಬರುವವರಿದ್ದರು. ನಾನು ಯಾರನ್ನೂ ಕೇಳದೆ ಕಾರು ಮಾಡಿಕೊಂಡು ಆಸ್ಪತ್ರೆಗೆ ಒಯ್ದೆ. ಹುಡುಗಿ ಉಳಿದಳು. ಪಾದ್ರಿಯವರು "ತವಮಣಿ ಟೀಚರ್ ನಮ್ಮ ಮಕ್ಕಳಿಗೆ ಹೆತ್ತ ತಾಯಿಗಿಂತ ಹೆಚ್ಚು" ಎಂದು ವೇದಿಕೆಯ ಮೇಲಿಂದ ಹೇಳಿದರು. ನನಗೆ ಆ ಬುದ್ಧಿಯನ್ನು ಯಾರು ಕಲಿಸಿದರು, ಅದಕ್ಕೆ ಯಾರು ಯಾವ ಬೆಲೆ ತೆತ್ತರು ಎಂದು ಆ ಸಭೆಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ.

ಇಷ್ಟೇ. ನೀನು ಇನ್ನು ಏನು ಮಾಡಿದರೂ ನ್ಯಾಯವೇ.

ತವಮಣಿ


(ಅಂಚೆ ಕಾರ್ಡು)

ಸೆಮ್ಮಣಲೂರು
20 ಸೆಪ್ಟೆಂಬರ್ 1988

ತವಮಣಿ ಟೀಚರಿಗೆ,

ನೀವು ಬರೆದದ್ದನ್ನು ಅವಳು ನನ್ನ ಕೈಗೆ ಕೊಟ್ಟಳು. ನನಗೆ ಓದು ಕಡಿಮೆ. ಎರಡು ಸಲ ಓದಿದೆ.

ಅವಳು ಶಾಲೆಗೆ ಹೋಗುತ್ತಿಲ್ಲ. ಊಟ ಬಡಿಸುತ್ತಾಳೆ, ಕೂರುವುದಿಲ್ಲ. ದಯವಿಟ್ಟು ಸದ್ಯಕ್ಕೆ ನೀವು ಏನೂ ಬರೆಯಬೇಡಿ. ನಾನು ನಿಮ್ಮನ್ನು ಬಯ್ಯುವುದಿಲ್ಲ. ಬಯ್ದರೆ ನಿಲ್ಲಿಸಲು ನನಗೆ ಆಗುವುದಿಲ್ಲ.

ಮಾಸಿಲಾಮಣಿ


ಸೆಮ್ಮಣಲೂರು
16 ಅಕ್ಟೋಬರ್ 1988

ತವಮಣಿ,

ಮೊದಲ ವಾರ ನಿನ್ನನ್ನು ಕೊಲ್ಲಬೇಕೆನಿಸಿತು. ಸುಮ್ಮನೆ ಬರೆಯುತ್ತಿಲ್ಲ. ನಿಮ್ಮೂರ ಬಸ್ಸು ಹತ್ತಿ ಕೂತಿದ್ದೆ. ಕಂಡಕ್ಟರ್ ಬಂದು "ಎಲ್ಲಿಗಮ್ಮ?" ಎಂದಾಗ ನನ್ನ ಬಾಯಿಂದ ಊರ ಹೆಸರು ಹೊರಡಲಿಲ್ಲ. ಇಳಿದೆ.

ಎರಡನೇ ವಾರ ನನ್ನ ಮೇಲೆ ತಿರುಗಿತು. ಅವಳನ್ನು ನಿನ್ನ ಹಾಸ್ಟೆಲಿಗೆ ಸೇರಿಸಿದವಳು ನಾನು. ಇವರು ಬೇಡವೆಂದರು. "ಏಳು ವರ್ಷದ ಕೂಸು ಕಣೇ, ಇಲ್ಲೇ ನಿನ್ನ ಶಾಲೇಲೇ ಓದ್ಕೊಳ್ಳಲಿ. ಇರೋದೇ ಒಂದು" ಎಂದರು. ನಾನು ಕೇಳಲಿಲ್ಲ. "ತವಮಣಿ ಹತ್ರ ಇದ್ರೆ ವಚನದಲ್ಲಿ ಅವಳನ್ನ ಮೀರಿಸೋರು ಯಾರೂ ಇರಲ್ಲ, ನೋಡ್ತಿರಿ" ಎಂದು ಜಂಬ ಹೊಡೆದೆ. ಇವರು ಇಷ್ಟು ವರ್ಷದಲ್ಲಿ ಒಂದು ಸಲವೂ ಅದನ್ನು ಎತ್ತಿ ಆಡಿಲ್ಲ. ನಿನ್ನ ಕಾಗದ ಓದಿದ ದಿನವೂ ಆಡಲಿಲ್ಲ. ಚಕ್ರದ ಕಡ್ಡಿ ಬಿಗಿಯುತ್ತಾ ಕೂತುಬಿಟ್ಟರು. ಬಿಗಿದದ್ದನ್ನೇ ಬಿಚ್ಚಿ ಮತ್ತೆ ಬಿಗಿದರು.

ಈಗ ನನಗೆ ಬೇಕಾದದ್ದು ಒಂದೇ. ಆ ಮೂರು ದಿನ ಏನೇನಾಯಿತೆಂದು ಒಂದೂ ಬಿಡದೆ ಬರೆ. ಅವಳು ಏನು ಉಟ್ಟಿದ್ದಳು, ಏನು ತಿಂದಳು, ಏನು ಹೇಳಿದಳು. ನಿನ್ನ ಅಳು ಬರೆಯಬೇಡ, ನನಗೆ ಅದು ಬೇಡ. ವಚನ ಬರೆಯಬೇಡ. ಅವಳದ್ದನ್ನು ಮಾತ್ರ ಬರೆ. ಸುಳ್ಳು ಒಂದು ಅಕ್ಷರ ಇದ್ದರೂ ನನಗೆ ಗೊತ್ತಾಗುತ್ತದೆ. ಹದಿನೆಂಟು ವರ್ಷ ನಿನ್ನ ತಪ್ಪು ಹುಡುಕಿದವಳು ನಾನು.

ಅನ್ನಪಾಕ್ಯಂ


ಪನೈವಿಳೈ
23 ಅಕ್ಟೋಬರ್ 1988

ಅನ್ನಂ,

ನೀನು ಕೇಳಿದ ಹಾಗೆ ಬರೆಯುತ್ತೇನೆ.

ಗುರುವಾರ ಗಂಜಿ ಮುಟ್ಟಲಿಲ್ಲ. ತಾಳೆಬೆಲ್ಲದ ಕಾಫಿ ಅರ್ಧ ಲೋಟ ಕುಡಿದಳು. ಶಾಲೆಗೆ ಹೋದಳು. ಸಂಜೆ ನಾನು ಪುಸ್ತಕ ಹಿಡಿದು ಕೂತೆ, ಅವಳು ಒಪ್ಪಿಸಿದಳು. ಹನ್ನೆರಡನೇ ವಚನದಲ್ಲಿ ನಿಂತಳು. "ಅಕ್ಕಾ, ಅಕ್ಷರ ಎಲ್ಲ ಓಡಾಡ್ತಿವೆ" ಅಂದಳು. "ಪುಸ್ತಕ ನಿನ್ನ ಕೈಲಿಲ್ವಲ್ಲೇ, ಅಕ್ಷರ ಎಲ್ಲಿಂದ ಓಡಾಡ್ತವೆ?" ಎಂದು ನಕ್ಕೆ. ಮತ್ತೆ ಮೊದಲಿಂದ ಹೇಳಿಸಿದೆ.

ಶುಕ್ರವಾರ ಶಾಲೆಗೆ ಕಳಿಸಲಿಲ್ಲ. ನನ್ನ ಕೋಣೆಯಲ್ಲೇ ಮಲಗಿಸಿದೆ. ಬೆಳಕು ಕಣ್ಣಿಗೆ ಚುಚ್ಚುತ್ತದೆಂದು ಕಿಟಕಿ ಮುಚ್ಚಿಸಿದಳು. ಮಧ್ಯಾಹ್ನ ನನ್ನ ಸೆರಗು ಹಿಡಿದುಕೊಂಡು, "ಅಕ್ಕಾ, ಅಮ್ಮಂಗೆ ಒಂದು ಕಾಗದ ಹಾಕ್ತೀರಾ? ಬರೋಕೆ ಹೇಳಿ" ಎಂದಳು. "ನಾಳೆ ಬಹುಮಾನ ತಗೋ, ಆಮೇಲೆ ಅದನ್ನೇ ಬರೆಯೋಣ. ಅಮ್ಮ ಎಷ್ಟು ಖುಷಿಪಡ್ತಾಳೆ" ಎಂದೆ. ಅವಳು "ಬಹುಮಾನ ಬರದಿದ್ರೂ ಬರ್ತಾಳಾ?" ಎಂದಳು. ಇದನ್ನು ನಾನು ಹೋದ ಕಾಗದದಲ್ಲಿ ಬರೆಯಲಿಲ್ಲ. ಬರೆಯಲು ಕೈ ಬರಲಿಲ್ಲ. ಆ ದಿನ ನಾನು ಒಬ್ಬರ ಕೈಯಲ್ಲಿ ಹೇಳಿಕಳಿಸಿದ್ದರೂ ನೀನು ಸಂಜೆಯೊಳಗೆ ಬಂದಿರುತ್ತಿದ್ದೆ. ನೀನು ಬಂದರೆ ಸ್ಪರ್ಧೆಗೆ ಕಳಿಸುವುದಿಲ್ಲ ಎಂದು ನನಗೆ ಗೊತ್ತಿತ್ತು.

ಶನಿವಾರ ನೀಲಿ ಲಂಗ, ಬಿಳಿ ಜಾಕೀಟು. ಎರಡು ಜಡೆ. ತಲೆ ಬಾಚಿದರೆ ನೋಯುತ್ತದೆಂದಳು, ಸಡಿಲ ಹೆಣೆದೆ. ಬಸ್ಸಿನಲ್ಲಿ ನನ್ನ ತೊಡೆಯ ಮೇಲೆ ಮಲಗಿದ್ದಳು. ಅವಳ ಸರದಿ ಹದಿನಾಲ್ಕನೆಯದು. ಬೆಂಚಿನ ಮೇಲೆ ನಿಲ್ಲಿಸಿದರು. ನೇರವಾಗಿ ಗೋಡೆ ನೋಡುತ್ತಾ ಇಪ್ಪತ್ತೆರಡು ವಚನವನ್ನೂ ಹೇಳಿದಳು. ಬಲಗಡೆ ಕೂತಿದ್ದ ತೀರ್ಪುಗಾರರು "ಈ ಕಡೆ ನೋಡ್ತಾ ಹೇಳು ಕಂದಾ" ಎಂದರು. ಅವಳು ಕುತ್ತಿಗೆ ತಿರುಗಿಸಲಾರದೆ ಇಡೀ ಮೈಯನ್ನು ತಿರುಗಿಸಿದಳು. ಎಲ್ಲರೂ ನಕ್ಕರು. ಶಿಸ್ತಿನ ಹುಡುಗಿ, ಸಿಪಾಯಿಯ ಹಾಗೆ ತಿರುಗುತ್ತಾಳೆ ಎಂದರು. ನಾನೂ ನಕ್ಕೆ ಅನ್ನಂ.

ಮೊದಲ ಬಹುಮಾನ ಬಂತು. ಅವಳನ್ನು ಎತ್ತಿಕೊಂಡೆ. ನನ್ನ ಕಿವಿಯಲ್ಲಿ "ಈಗ ಕಾಗದ ಹಾಕಿ" ಎಂದಳು.

ಬಸ್ಸಿನಲ್ಲಿ ಸೆಳವು ಬಂದದ್ದನ್ನು ಬರೆದಿದ್ದೇನೆ. ಆಸ್ಪತ್ರೆಯಲ್ಲಿ ಎರಡು ಸಲ ಎಚ್ಚರವಾಯಿತು. ಒಮ್ಮೆ ನೀರು ಕೇಳಿದಳು. ಭಾನುವಾರ ಬೆಳಿಗ್ಗೆ ಸಭೆಯ ಮೊದಲ ಗಂಟೆ ಹೊಡೆಯುವಾಗ ಮತ್ತೆ ಕಣ್ಣು ಬಿಟ್ಟಳು.

ನೀನು ಸುಳ್ಳು ಒಂದು ಅಕ್ಷರ ಇರಬಾರದೆಂದೆ. ಕಲ್ಲಿನ ಮೇಲಿರುವುದು ಸುಳ್ಳು. ಅವಳು ವಚನ ಹೇಳಲಿಲ್ಲ. ನಾನೇ ಹೇಳುತ್ತಿದ್ದೆ. ಇಪ್ಪತ್ಮೂರನೇ ಕೀರ್ತನೆಯನ್ನು ಅವಳ ಕಿವಿಯ ಹತ್ತಿರ ಹೇಳುತ್ತಾ, ಕೊನೆಯ ವಚನಕ್ಕೆ ಬಂದಾಗ ಅರ್ಧ ಹೇಳಿ ನಿಲ್ಲಿಸಿದೆ, ಉಳಿದದ್ದನ್ನು ಅವಳು ಹೇಳಲೆಂದು. ದಿನಾ ಹಾಗೇ ಮಾಡುತ್ತಿದ್ದೆ. ಅವಳು ಹೇಳಲಿಲ್ಲ. ಬಾಗಿಲ ಕಡೆ ನೋಡಿ, "ಅಮ್ಮ ಬಂದ್ಲಾ?" ಎಂದು ಕೇಳಿದಳು. "ಬರ್ತಿದಾಳೆ" ಎಂದೆ. "ಬಾಗಿಲು ಹಾಕ್ಬೇಡಿ" ಎಂದಳು. ಅಷ್ಟೇ. ಆಮೇಲೆ ಮಾತಿಲ್ಲ.

ನೀವು ಬಂದಾಗ ಪಾದ್ರಿಯವರೂ ಜೊತೆಗಿದ್ದರು. "ಕೊನೆಗೆ ಏನಾದ್ರೂ ಹೇಳಿದ್ಲಾ ಟೀಚರ್?" ಎಂದು ಅವರು ಕೇಳಿದರು. ನಿನ್ನ ಮುಖ ನೋಡಿದೆ. ಅಮ್ಮ ಬಂದಳಾ ಎಂದು ಕೇಳಿದಳೆಂದರೆ, ಎಂದಿನಿಂದ ಕೇಳುತ್ತಿದ್ದಳೆಂದು ನೀನು ಕೇಳುತ್ತೀಯ, ಗುರುವಾರದ ಜ್ವರ ಹೊರಬೀಳುತ್ತದೆ. ಅದಕ್ಕೆ ವಚನ ಎಂದುಬಿಟ್ಟೆ. ಅದು ಕಲ್ಲಾಯಿತು.

ಇನ್ನು ನನ್ನ ಹತ್ತಿರ ಮುಚ್ಚಿಟ್ಟದ್ದು ಏನೂ ಇಲ್ಲ.

ತವಮಣಿ


ಸೆಮ್ಮಣಲೂರು
20 ನವೆಂಬರ್ 1988

ತವಂ,

ನಿನ್ನ ಕಾಗದ ಬಂದ ದಿನ ನಾನು ಇವರ ಮುಂದೆ ಗಟ್ಟಿಯಾಗಿ ಓದಿದೆ. "ಬಾಗಿಲು ಹಾಕ್ಬೇಡಿ" ಎನ್ನುವಲ್ಲಿಗೆ ಬಂದಾಗ ಇವರು ಎದ್ದು ಹೋಗಿ ಬೀದಿಬಾಗಿಲು ತೆರೆದಿಟ್ಟು ಬಂದರು. ಆಮೇಲೆ ಇಬ್ಬರೂ ಅತ್ತೆವು. ಒಂಬತ್ತು ವರ್ಷದಲ್ಲಿ ನಾವಿಬ್ಬರೂ ಒಟ್ಟಿಗೆ ಅತ್ತದ್ದು ಅದೇ ಮೊದಲು.

ಆ ಕಲ್ಲಿನ ಮುಂದೆ ನಿಂತಾಗ ನನ್ನೊಳಗೆ ಏನಾಗುತ್ತದೆಂದು ಬರೆಯುವುದಿಲ್ಲ ಎಂದಿದ್ದೆನಲ್ಲ. ಈಗ ಬರೆಯುತ್ತೇನೆ. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ದೇವರ ಮೇಲೆ. ನಾನು ಹೆತ್ತ ಮಗು ಕೊನೆಯ ಉಸಿರಿನಲ್ಲಿ ಅವನ ಮನೆಯನ್ನು ನೆನೆಯಿತು, ನನ್ನ ಮನೆಯನ್ನು ನೆನೆಯಲಿಲ್ಲ ಎಂದು. ಊರೆಲ್ಲ ಅದನ್ನು ದೊಡ್ಡ ಸಾಕ್ಷಿ ಎಂದಿತು. ನಾನು ಯಾರ ಹತ್ತಿರ ಹೇಳಿಕೊಳ್ಳಲಿ? ಅದಕ್ಕೇ ಸಭೆಯಲ್ಲಿ ನನ್ನ ಬಾಯಿ ಬಿಗಿದುಕೊಂಡದ್ದು. ನೀನು ಎಸೆದ ಆ ಒಂದು ವಚನ ನೆಪವಷ್ಟೇ.

ಅವಳು ನನ್ನನ್ನು ಕೇಳಿದ್ದಳು. ಇದು ಸಿಹಿಯೋ ವಿಷವೋ ನನಗೆ ತಿಳಿಯುತ್ತಿಲ್ಲ. ಎರಡನ್ನೂ ಒಂದೇ ಲೋಟದಲ್ಲಿ ಕೊಟ್ಟೆ ನೀನು. ಕುಡಿಯದೆ ಇರಲಾರೆ.

ಈ ತಿಂಗಳ ಎರಡಕ್ಕೆ, ಸತ್ತವರ ಹಬ್ಬದ ದಿನ, ಸಮಾಧಿಗೆ ಸುಣ್ಣ ಹಚ್ಚಿ ಹೂ ಇಟ್ಟೆವು. ಉಪದೇಶಿಯವರಿಗೆ ನಿಜ ಹೇಳಿ ಕಲ್ಲು ತೆಗೆಸಿಬಿಡೋಣವೆಂದೆ. ಇವರು "ಇರಲಿ ಬಿಡು. ಇನ್ನು ಮೇಲೆ ಅದು ನಮಗಲ್ಲ, ಓದೋರಿಗೆ. ನಮಗೆ ಗೊತ್ತಾಯ್ತಲ್ಲ" ಎಂದರು. ಹಾಗೇ ಬಿಟ್ಟೆವು. ಆದರೆ ಆ ಸಂಡೇ ಸ್ಕೂಲಿನ ಹುಡುಗಿಯನ್ನು ಕರೆದು, ಮಕ್ಕಳನ್ನು ಇನ್ನು ಇಲ್ಲಿಗೆ ಕರೆದುಕೊಂಡು ಬರಬೇಡ ಎಂದೆ. "ಯಾಕಮ್ಮ, ನೀವು ಯಾರು?" ಎಂದಳು. ನಾನು ಅವಳ ತಾಯಿ ಎಂದೆ. ಆ ಮಾತನ್ನು ಹೇಳಿ ಎಷ್ಟು ಕಾಲವಾಗಿತ್ತು.

ಸುಣ್ಣ ಹಚ್ಚುವಾಗ ಮೂವತ್ತನಾಲ್ಕನೇ ಕೀರ್ತನೆ ತಾನಾಗಿಯೇ ಬಂತು. ಬೆಂಚಿನ ಮೇಲೆ ನಿಂತು ಅವಳು ಹೇಳಿದ್ದು. ಈ ಸಲ ನಾಲಿಗೆ ಕಚ್ಚಲಿಲ್ಲ. ಹದಿನೆಂಟನೇ ವಚನದವರೆಗೆ ಬಂದೆ, ಮುರಿದ ಮನಸ್ಸಿನವರ ಹತ್ತಿರ ಕರ್ತನು ಇದ್ದಾನೆ ಎನ್ನುವಲ್ಲಿಗೆ. ಅಲ್ಲೇ ನಿಂತೆ. ಮುಂದಿನದು ಮರೆತದ್ದಲ್ಲ. ಅದು ನಿಜವೋ ಅಲ್ಲವೋ ಎಂದು ಅಲ್ಲಿ ಸ್ವಲ್ಪ ಹೊತ್ತು ಕೂತು ನೋಡಿದೆ. ಇನ್ನೂ ನೋಡುತ್ತಿದ್ದೇನೆ.

ನಿನ್ನನ್ನು ಕ್ಷಮಿಸಿದ್ದೇನೆಂದು ಬರೆಯಲಾರೆ. ಬರೆದರೆ ಅದೂ ಒಪ್ಪಿಸಿದ ಪಾಠವಾಗುತ್ತದೆ. ಆದರೆ ನಿನ್ನಿಂದ ನನಗೆ ಬರಬೇಕಾದದ್ದು ಒಂದಿದೆ. ಎಪ್ಸಿ ಏಳು ವರ್ಷ ನನ್ನ ಹತ್ತಿರ ಇದ್ದಳು. ಇಪ್ಪತ್ತಾರು ತಿಂಗಳು ನಿನ್ನ ಹತ್ತಿರ ಇದ್ದಳು. ಆ ಇಪ್ಪತ್ತಾರು ತಿಂಗಳು ನನ್ನವು, ನಿನ್ನ ಕೈಯಲ್ಲಿ ಸಿಕ್ಕಿಕೊಂಡಿವೆ. ನಿನ್ನನ್ನು ಬಿಟ್ಟರೆ ಅವು ಬೇರೆ ಯಾರ ಹತ್ತಿರವೂ ಇಲ್ಲ. ನೀನು ಮರೆತರೆ ಅಥವಾ ಸತ್ತರೆ ನನ್ನ ಮಗು ಇನ್ನೊಮ್ಮೆ ಹೋಗುತ್ತಾಳೆ.

ತಿಂಗಳಿಗೆ ಒಂದರಂತೆ ಬರೆದು ಕಳಿಸು. ಬಹುಮಾನ, ಪ್ರಾರ್ಥನೆ, ಕಂಠಪಾಠ ಬೇಡ. ಸುಮ್ಮನೆ ಅವಳು ಹೇಗಿದ್ದಳೆಂದು ಬರೆ.

ಅನ್ನಂ


ಪನೈವಿಳೈ
27 ನವೆಂಬರ್ 1988

ಅನ್ನಂ,

1977ರ ಜೂನ್. ಅವಳು ಬಂದ ಮೊದಲ ತಿಂಗಳು.

ಉಳಿದ ಹೊಸ ಹುಡುಗಿಯರೆಲ್ಲ ಅತ್ತರು, ಎಪ್ಸಿ ಅಳಲಿಲ್ಲ. ಗಟ್ಟಿಗಿತ್ತಿ ಎಂದುಕೊಂಡೆ. ಅಡುಗೆಮನೆಯ ಹಿಂದೆ ನಮ್ಮದೊಂದು ಕುಂಟುಕೋಳಿ ಇತ್ತು, ಅಂಗೈಯಷ್ಟೇ ಇತ್ತು. ಅವಳು ಅದಕ್ಕೆ ಬೈಬಲಿನ ಆ ದೈತ್ಯ ಗೋಲ್ಯಾತನ ಹೆಸರಿಟ್ಟಳು. "ಹೆಣ್ಣುಕೋಳಿಗೆ ಗೋಲ್ಯಾತನ ಹೆಸರಾ?" ಎಂದು ಅಡುಗೆಯವಳು ನಗಾಡಿದರೆ, "ದೊಡ್ಡ ಹೆಸರು ಇಟ್ರೆ ಬೇರೆ ಕೋಳಿಗಳು ಕುಕ್ಕಲ್ಲ" ಎಂದಳು.

ದಿನಾ ಬೆಳಿಗ್ಗೆ ಮುಖ ತೊಳೆಯುವ ಮೊದಲು ಕೋಳಿ ಮುಚ್ಚಿಟ್ಟ ಬುಟ್ಟಿಯ ಹತ್ತಿರ ಹೋಗುತ್ತಿದ್ದಳು. ಒಂದು ದಿನ ನಾನು ಹಿಂದಿನ ಜಗಲಿಯಲ್ಲಿ ನಿಂತಿದ್ದೆ, ಅವಳಿಗೆ ಗೊತ್ತಿರಲಿಲ್ಲ. ಬುಟ್ಟಿ ಎತ್ತಿ, ಸೊಂಟದ ಮೇಲೆ ಕೈಯಿಟ್ಟು, "ಏನು ಮಹಾರಾಣೀ, ಹೊತ್ತು ನೆತ್ತಿಗೆ ಬಂತು, ಇನ್ನೂ ಮುಸುಕು ತೆಗ್ದಿಲ್ವಾ? ನಾನು ಶಾಲೆಗೆ ಹೋಗೋದು ಯಾವಾಗ, ನೀನು ತಲೆ ಬಾಚ್ಕೊಳ್ಳೋದು ಯಾವಾಗ? ಬಾ, ಬಾ ಇಲ್ಲಿ" ಎಂದಳು. ಆಮೇಲೆ ಕೋಳಿಯನ್ನು ಮಡಿಲಲ್ಲಿ ಕೂರಿಸಿಕೊಂಡು, ತನ್ನ ಬಾಚಣಿಗೆಯಿಂದ ಅದರ ಬೆನ್ನು ಬಾಚುತ್ತಾ, "ನೋಯ್ತಾ? ನೋಯಲ್ಲ ಕಣೇ ಚಿನ್ನ, ಆಯ್ತು, ಆಯ್ತು" ಎಂದಳು.

ಅದು ನಿನ್ನ ದನಿ. 'ಆಯ್ತು, ಆಯ್ತು' ಎನ್ನುವಾಗ ನೀನು ಕೊನೆಯಲ್ಲಿ ಎಳೆಯುತ್ತೀಯಲ್ಲ, ಹಾಗೇ ಎಳೆದಳು. ನಾನು ಎರಡು ವರ್ಷ ನಿನ್ನ ಕೋಣೆಯಲ್ಲಿ ಮಲಗಿ ಎದ್ದವಳು, ನನಗೆ ಗೊತ್ತಿಲ್ಲವೇ. ಗೋಡೆಯ ಆ ಕಡೆ ನೀನೇ ಇದ್ದೀಯೇನೋ ಎಂದು ಒಂದು ಕ್ಷಣ ಬೆಚ್ಚಿ ನೋಡಿದೆ. ಅಲ್ಲಿ ಅವಳೊಬ್ಬಳೇ ಇದ್ದಳು. ಕೋಳಿ ಅವಳ ಮಡಿಲಲ್ಲಿ ಕಣ್ಣು ಮುಚ್ಚಿಕೊಂಡು ಕೂತಿತ್ತು. ಅವಳು ಬಾಚುತ್ತಲೇ ಇದ್ದಳು.

ತವಮಣಿ